ಅಳತೆ, ಅಂದಾಜು ಮತ್ತು ಸಾರ್ಥಕ ಅಂಕಿ: ಯಡ್ತರೆ ಪರಿಸರದ ಮಾನಪದಗಳ ಹಿನ್ನೆಲೆಯಲ್ಲಿ ಒಂದು ಅಧ್ಯಯನ

1. ಪ್ರಸ್ತಾವನೆ

ಕನ್ನಡ ಸಂಶೋಧನೆಯು ಪದಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಅಂಕಿಗಳ ವಿಷಯದಲ್ಲಿ ಅಷ್ಟಾಗಿ ತೋರಿಲ್ಲ. ಒಂದು ಪಾಠಾಂತರವನ್ನು ನಿರ್ಣಯಿಸಲು ಹಲವು ಹಸ್ತಪ್ರತಿಗಳನ್ನು ಪರಿಶೀಲಿಸುವ ವಿದ್ವಾಂಸರೇ ಶಾಸನೋಕ್ತ ಭೂಮಿಯ ವಿಸ್ತೀರ್ಣವನ್ನು ಎಕರೆಗೆ ಪರಿವರ್ತಿಸುವಾಗ ದಶಮಾಂಶದ ಮುಂದೆ ಮೂರು ನಾಲ್ಕು ಸ್ಥಾನಗಳನ್ನು ನಿಸ್ಸಂಕೋಚವಾಗಿ ಬರೆಯುವುದುಂಟು. ಆ ಅಂಕಿಗಳು ಎಲ್ಲಿಂದ ಬಂದವು, ಅವುಗಳಿಗೆ ಆಧಾರವೇನು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಶಾಸನ, ಹಸ್ತಪ್ರತಿ, ಜಾನಪದ, ಉಪಭಾಷೆ, ಸ್ಥಳನಾಮ ಮೊದಲಾದ ಎಲ್ಲ ಅಧ್ಯಯನಗಳಲ್ಲಿಯೂ ಅಳತೆಯ ಸಂದರ್ಭ ಬಂದೇ ಬರುತ್ತದೆ. ಆದುದರಿಂದ ಭೌತವಿಜ್ಞಾನದಲ್ಲಿ 'ಸಾರ್ಥಕ ಅಂಕಿ' ಎಂದು ಕರೆಯಲಾಗುವ ಪರಿಕಲ್ಪನೆಯು ಸಾಹಿತ್ಯ ಸಂಶೋಧಕರಿಗೂ ಅಗತ್ಯವಾದುದು.

ಉಡುಪಿ ಜಿಲ್ಲೆಯ ಯಡ್ತರೆ ಹಾಗೂ ಅದರ ಸುತ್ತಣ ಬೈಂದೂರು, ಕುಂದಾಪುರ ಪರಿಸರದಲ್ಲಿ ಬಳಕೆಯಲ್ಲಿದ್ದ ಮಾನಪದಗಳನ್ನು ಮುಖ್ಯ ನಿದರ್ಶನವಾಗಿರಿಸಿಕೊಂಡು ಈ ಪರಿಕಲ್ಪನೆಯನ್ನು ವಿವರಿಸುವುದು, ಕನ್ನಡ ಸಂಶೋಧನೆಯಲ್ಲಿ ಅದರ ಅನ್ವಯವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಸಾರ್ಥಕ ಅಂಕಿ: ಸ್ವರೂಪ

ಯಾವುದೇ ಅಳತೆಯನ್ನು ಸಂಖ್ಯೆಯಲ್ಲಿ ಬರೆದಾಗ ಆ ಸಂಖ್ಯೆಯು ಎರಡು ಸಂಗತಿಗಳನ್ನು ತಿಳಿಸುತ್ತದೆ. ಮೊದಲನೆಯದು ಅಳೆದ ವಸ್ತುವಿನ ಪ್ರಮಾಣ; ಎರಡನೆಯದು ಆ ಪ್ರಮಾಣವನ್ನು ಅಳೆದವನು ಎಷ್ಟರ ಮಟ್ಟಿಗೆ ಬಲ್ಲ ಎಂಬುದು. ಒಂದು ವೀರಗಲ್ಲಿನ ಎತ್ತರ 1.4 ಮೀಟರು ಎಂದರೆ ಅದು ಸ್ಥೂಲವಾಗಿ 1.35 ಮತ್ತು 1.45 ಮೀಟರುಗಳ ನಡುವೆ ಇದೆ ಎಂದರ್ಥ. 1.42 ಎಂದರೆ 1.415 ಮತ್ತು 1.425ರ ನಡುವೆ ಎಂದರ್ಥ. 1.420 ಎಂದು ಬರೆದರೆ ಮಿಲಿಮೀಟರಿನವರೆಗೂ ಅಳೆಯಲಾಗಿದೆ ಎಂಬ ಭರವಸೆಯನ್ನು ಕೊಟ್ಟಂತಾಗುತ್ತದೆ. ಗಣಿತದ ದೃಷ್ಟಿಯಲ್ಲಿ 1.42 ಮತ್ತು 1.420 ಒಂದೇ, ಅಳತೆಯ ದೃಷ್ಟಿಯಲ್ಲಿ ಇವು ಎರಡು ಬೇರೆ ಹೇಳಿಕೆಗಳು.

ಹೀಗೆ ಖಚಿತವಾಗಿ ತಿಳಿದ ಅಂಕಿಗಳು ಮತ್ತು ಅಂದಾಜಿನಿಂದ ಸೇರಿಸಿದ ಕೊನೆಯ ಒಂದು ಅಂಕಿ, ಇವೆರಡೂ ಕೂಡಿ ಸಾರ್ಥಕ ಅಂಕಿಗಳಾಗುತ್ತವೆ. ಸೊನ್ನೆಯಲ್ಲದ ಅಂಕಿಗಳೆಲ್ಲವೂ ಸಾರ್ಥಕ. ಅವುಗಳ ನಡುವೆ ಬರುವ ಸೊನ್ನೆಯೂ ಸಾರ್ಥಕ. ಆರಂಭದ ಸೊನ್ನೆಗಳು ಸಾರ್ಥಕವಲ್ಲ, 0.062 ಎಂಬಲ್ಲಿ ಸಾರ್ಥಕ ಅಂಕಿಗಳು ಎರಡೇ. ದಶಮಾಂಶ ಬಿಂದುವಿನ ನಂತರ ಕೊನೆಯಲ್ಲಿ ಬರುವ ಸೊನ್ನೆ ಸಾರ್ಥಕ. ಬಿಂದುವಿಲ್ಲದ ಪೂರ್ಣಸಂಖ್ಯೆಯ ಕೊನೆಯ ಸೊನ್ನೆಗಳು ಮಾತ್ರ ಸಂದಿಗ್ಧವಾಗಿ ಉಳಿಯುತ್ತವೆ.

ಈ ಸಂದಿಗ್ಧತೆಗೆ ಭೂಮಾಪನದ ಇತಿಹಾಸದಲ್ಲಿಯೇ ನಿದರ್ಶನಗಳಿವೆ. 1802ರಲ್ಲಿ ಮದ್ರಾಸಿನಿಂದ ಆರಂಭವಾದ ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತಿ ಮಾಪನಕ್ಕೆ ಮುನ್ನ ಮದ್ರಾಸಿನಿಂದ ಮಂಗಳೂರಿನವರೆಗಿನ ಪರ್ಯಾಯದ್ವೀಪದ ಅಗಲ 400 ಮೈಲಿ ಎಂದು ಭಾವಿಸಲಾಗಿತ್ತು. ಮಾಪನದ ನಂತರ ಅದು ಸುಮಾರು 360 ಮೈಲಿ ಎಂದು ತಿಳಿದುಬಂದಿತು. ಮೊದಲಿನ '400' ಎಂಬುದರಲ್ಲಿ ಸಾರ್ಥಕವಾಗಿದ್ದುದು ಬಹುಶಃ 4 ಎಂಬ ಒಂದಂಕಿ ಮಾತ್ರ. ಎರಡು ಸೊನ್ನೆಗಳು ಕೇವಲ ಸ್ಥಾನಸೂಚಕಗಳು. ಇದಕ್ಕೆ ವಿಲೋಮವಾದ ಪ್ರಸಂಗವೂ ಉಂಟು. 1856ರಲ್ಲಿ ಎವರೆಸ್ಟ್ ಶಿಖರದ ಎತ್ತರವನ್ನು 29,002 ಅಡಿ ಎಂದು ಪ್ರಕಟಿಸಲಾಯಿತು. ಲೆಕ್ಕದಲ್ಲಿ 29,000 ಎಂದೇ ಬಂದಿತ್ತು, ಅದನ್ನು ಓದುಗರು ಸ್ಥೂಲ ಅಂದಾಜೆಂದು ಭಾವಿಸಬಾರದೆಂದು ಎರಡಡಿ ಸೇರಿಸಲಾಯಿತು ಎಂಬ ಕಥನ ಪ್ರಚಲಿತವಾಗಿದೆ. ಸೊನ್ನೆಯು ಅಳತೆಯ ಫಲವೋ ಅಜ್ಞಾನದ ಗುರುತೋ ಎಂಬುದನ್ನು ಓದುಗನಿಗೆ ಸ್ಪಷ್ಟಪಡಿಸುವುದು ಎಷ್ಟು ಕಷ್ಟವೆಂಬುದನ್ನು ಈ ಕಥನವು ಸೂಚಿಸುತ್ತದೆ.

3. ದೇಶೀಯ ಗಣಿತ ಪರಂಪರೆಯಲ್ಲಿ ಈ ಅರಿವು

ಸಾರ್ಥಕ ಅಂಕಿ ಎಂಬ ಪರಿಭಾಷೆ ಆಧುನಿಕವಾದರೂ ಅದರ ಹಿಂದಿನ ವಿವೇಕ ನಮ್ಮ ಪರಂಪರೆಗೆ ಅಪರಿಚಿತವಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿಯನ್ನು ಹೇಳಲಾಗಿದೆ, ಅನುಪಾತ 3.1416. ಐದು ಅಂಕಿಗಳವರೆಗೆ ಇದು ಸರಿಯಾದ ಬೆಲೆ. ಆದರೂ ಆರ್ಯಭಟನು ಇದನ್ನು 'ಆಸನ್ನ', ಅಂದರೆ ಸಮೀಪದ ಬೆಲೆ ಎಂದೇ ಕರೆದಿದ್ದಾನೆ. ಸಂಖ್ಯೆಯನ್ನು ಕೊಡುವಾಗಲೇ ಅದರ ಮಿತಿಯನ್ನೂ ಹೇಳಿದ ಪ್ರಾಮಾಣಿಕತೆ ಇಲ್ಲಿದೆ.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವು ಕನ್ನಡ ವಿದ್ವಾಂಸರಿಗೆ ಇನ್ನೂ ಹತ್ತಿರದ ಕೃತಿ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಪರಿಸರದಲ್ಲಿಯೇ ಇದೂ ರೂಪುಗೊಂಡಿತು. ಕ್ಷೇತ್ರಗಣಿತದ ಭಾಗದಲ್ಲಿ ಮಹಾವೀರನು 'ವ್ಯಾವಹಾರಿಕ' ಮತ್ತು 'ಸೂಕ್ಷ್ಮ' ಎಂಬ ಎರಡು ಬಗೆಯ ಲೆಕ್ಕಗಳನ್ನು ಬೇರ್ಪಡಿಸುತ್ತಾನೆ. ವೃತ್ತದ ಪರಿಧಿಗೆ ವ್ಯಾಸದ ಮೂರರಷ್ಟು ಎಂಬುದು ವ್ಯಾವಹಾರಿಕ. ಹತ್ತರ ವರ್ಗಮೂಲದಷ್ಟು ಎಂಬುದು ಸೂಕ್ಷ್ಮ. ಹತ್ತು ಮೊಳ ವ್ಯಾಸದ ಕಣಕ್ಕೆ ಮೊದಲನೆಯ ವಿಧಾನದಿಂದ 30 ಮೊಳ, ಎರಡನೆಯದರಿಂದ ಸುಮಾರು 31.6 ಮೊಳ ಪರಿಧಿ ಬರುತ್ತದೆ. ಪ್ರಯೋಜನಕ್ಕೆ ತಕ್ಕ ಸೂಕ್ಷ್ಮತೆ ಎಂಬ ತತ್ತ್ವವನ್ನು ಈ ವಿಂಗಡಣೆಯಲ್ಲಿ ಕಾಣಬಹುದು.

ಇದೇ ನಿದರ್ಶನದಿಂದ ಇನ್ನೊಂದು ಭೇದವನ್ನೂ ಗ್ರಹಿಸಬಹುದು. ಹತ್ತರ ವರ್ಗಮೂಲವನ್ನು 3.16227766 ಎಂದು ಎಷ್ಟು ಸ್ಥಾನಗಳವರೆಗೆ ವಿಸ್ತರಿಸಿದರೂ ಅದು ಪರಿಧಿಯ ನಿಜವಾದ ಅನುಪಾತವಾದ 3.14159ಕ್ಕೆ ಹತ್ತಿರವಾಗುವುದಿಲ್ಲ, ಮೂರನೆಯ ಅಂಕಿಯಲ್ಲಿಯೇ ವ್ಯತ್ಯಾಸವಿದೆ. ಅಂಕಿಗಳ ಸಂಖ್ಯೆ ಹೆಚ್ಚಿದಂತೆ ನಿಷ್ಕೃಷ್ಟತೆ ಹೆಚ್ಚಿದಂತೆ ತೋರುತ್ತದೆಯೇ ಹೊರತು ನಿಖರತೆ ಹೆಚ್ಚುವುದಿಲ್ಲ. ಸಂಶೋಧನ ಪ್ರಬಂಧಗಳಲ್ಲಿ ಕಾಣುವ ಉದ್ದುದ್ದ ದಶಮಾಂಶಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸಬೇಕಾಗಿದೆ.

4. ಯಡ್ತರೆ ಪರಿಸರದ ಮಾನಪದಗಳು

ಹಿಂದೆ ಕುಂದಾಪುರ ತಾಲೂಕಿಗೆ ಸೇರಿದ್ದು ಈಗ ಬೈಂದೂರು ತಾಲೂಕಿನಲ್ಲಿರುವ ಯಡ್ತರೆಯು ಕರಾವಳಿಯ ಭತ್ತದ ಬೇಸಾಯದ ವಲಯಕ್ಕೆ ಸೇರಿದೆ. ಈ ವಲಯದ ಅಳತೆಯ ಕೇಂದ್ರದಲ್ಲಿದ್ದುದು ಅಕ್ಕಿ. ಬೈಹುಲ್ಲಿನ ಹಗ್ಗದಿಂದ ಬಿಗಿದು ದುಂಡಗೆ ಕಟ್ಟಿದ 'ಮುಡಿ', ಅದರ ಭಾಗವಾದ 'ಕಳಸಿಗೆ', ಅದಕ್ಕಿಂತ ಚಿಕ್ಕವಾದ 'ಸೇರು', 'ಹಾನೆ', 'ಕುಡ್ತೆ' ಮೊದಲಾದವು ಇಲ್ಲಿನ ಮಾನಪದಗಳು. ಮೂರು ಕಳಸಿಗೆಗೆ ಒಂದು ಮುಡಿ, ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಹೀಗೆ ಮುಡಿಗೆ 42 ಸೇರು ಎಂಬುದು ಕರಾವಳಿಯಲ್ಲಿ ವ್ಯಾಪಕವಾಗಿದ್ದ ರೂಢಿ; 40ರ ಲೆಕ್ಕವೂ ಅಲ್ಲಲ್ಲಿ ಇತ್ತು. ಮುಡಿಯು ಅಕ್ಕಿಯನ್ನು ಮಾತ್ರವಲ್ಲದೆ ಬೀಜವರಿಯ ಮೂಲಕ ಗದ್ದೆಯ ವಿಸ್ತಾರವನ್ನೂ, ಗೇಣಿಯ ಮೂಲಕ ಒಕ್ಕಲಿನ ಹೊಣೆಯನ್ನೂ ಸೂಚಿಸುತ್ತಿತ್ತು.

1801ರಲ್ಲಿ ಕುಂದಾಪುರ, ಬೈಂದೂರುಗಳ ಮಾರ್ಗವಾಗಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕೆನರಾ ಸೀಮೆಯ ಅಳತೆಗಳನ್ನು ಘನ ಅಂಗುಲಗಳಿಗೆ ಪರಿವರ್ತಿಸಲು ಯತ್ನಿಸಿದ್ದಾನೆ. ಅವು ಊರಿಂದೂರಿಗೆ ಭಿನ್ನವಾಗುವುದನ್ನೂ ಗುರುತಿಸಿದ್ದಾನೆ. ಈ ಭಿನ್ನತೆಯನ್ನು ಬದಿಗಿಟ್ಟು ಘನ ಅಂಗುಲದ ಅಂಕಿಯನ್ನು ಮಾತ್ರ ಉದ್ಧರಿಸುವುದು ಇಂದಿನ ಸಂಶೋಧಕರು ಎಚ್ಚರದಿಂದ ದೂರವಿಡಬೇಕಾದ ಅಭ್ಯಾಸ.

ಗೇಣಿಯ ಲೆಕ್ಕವನ್ನೇ ನೋಡಬಹುದು. ಒಂದು ಗದ್ದೆಗೆ ವರ್ಷಕ್ಕೆ 15 ಮುಡಿ ಗೇಣಿ ಎಂದು ಹಳೆಯ ಪತ್ರವೊಂದು ಹೇಳುತ್ತದೆ ಎಂದಿಟ್ಟುಕೊಳ್ಳಬಹುದು. ಸೇರನ್ನು 80 ತೊಲದ ಅಧಿಕೃತ ಸೇರೆಂದು, ಅಂದರೆ 0.93310 ಕಿಲೋಗ್ರಾಂ ಎಂದು ಭಾವಿಸಿದರೆ ಮುಡಿಗೆ 39.1902 ಕಿ.ಗ್ರಾಂ., ಒಟ್ಟು ಗೇಣಿ 587.853 ಕಿ.ಗ್ರಾಂ. ಎಂದು ಗಣಕಯಂತ್ರ ತೋರಿಸುತ್ತದೆ. ಈ ಆರು ಅಂಕಿಗಳಲ್ಲಿ ಎಷ್ಟು ಸಾರ್ಥಕ? ಮುಡಿಗೆ 42 ಸೇರೋ 40 ಸೇರೋ ಎಂಬುದು ಪತ್ರದಲ್ಲಿಲ್ಲ. 40 ಎಂದಾದರೆ ಒಟ್ಟು ಸುಮಾರು 560 ಕಿ.ಗ್ರಾಂ. ಆಗುತ್ತದೆ. ಕರಾವಳಿಯ ಸೇರು ಪಾತ್ರೆಯಲ್ಲಿ ಅಳೆಯುವ ಮಾನವೇ ಹೊರತು ತಕ್ಕಡಿಯಲ್ಲಿ ತೂಗುವುದಲ್ಲ. ಪಾತ್ರೆಯ ಬಾಯಿಯ ಮೇಲೆ ರಾಶಿ ಏರುವಂತೆ ತುಂಬಿದರೆ ಒಂದು ಪ್ರಮಾಣ, ಮಟ್ಟಸವಾಗಿ ಸವರಿದರೆ ಇನ್ನೊಂದು. ಕುಚ್ಚಿಲಕ್ಕಿಗೂ ಬೆಳ್ತಿಗೆಗೂ, ಒಣಗಿದ್ದಕ್ಕೂ ಹಸಿಯಿದ್ದುದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಇಷ್ಟು ಅನಿಶ್ಚಯಗಳಿರುವಾಗ 587.853 ಎಂಬ ಸಂಖ್ಯೆಯಲ್ಲಿ ಮೊದಲಿನ ಅಂಕಿ ಮಾತ್ರ ಖಚಿತ; ಎರಡನೆಯದು ಅಂದಾಜು; ಉಳಿದವು ಗುಣಾಕಾರದ ಉಪಫಲಗಳು. 'ಸುಮಾರು 560ರಿಂದ 590 ಕಿ.ಗ್ರಾಂ.; ಸೇರಿಗೆ 80 ತೊಲವೆಂದು ಗ್ರಹಿಸಿದಾಗ' ಎಂಬುದು ಇಲ್ಲಿ ಯೋಗ್ಯವಾದ ಬರವಣಿಗೆ.

ಹಾಗೆಂದು ಅಂಕಿಗಳನ್ನು ಮೊದಲೇ ಸವರಿಬಿಡುವುದೂ ಸರಿಯಲ್ಲ. ಸೇರನ್ನು 0.9 ಕಿ.ಗ್ರಾಂ. ಎಂದು ಮೊಟಕುಗೊಳಿಸಿ, ಮುಡಿಯನ್ನು 37.8ರಿಂದ 38ಕ್ಕೆ ಏರಿಸಿ, ಬಳಿಕ ಹದಿನೈದರಿಂದ ಗುಣಿಸಿದರೆ 570 ಬರುತ್ತದೆ. ಅದೇ 42 ಸೇರಿನ ಲೆಕ್ಕದಲ್ಲಿ ಸುಮಾರು 18 ಕಿ.ಗ್ರಾಂ. ನಷ್ಟವಾಯಿತು. ಅದು ಅರ್ಧ ಮುಡಿಗೆ ಸಮೀಪವಾದ ಪ್ರಮಾಣ. ನೂರಾರು ಮುಡಿ ಗೇಣಿ ಪಡೆಯುತ್ತಿದ್ದ ಧಣಿಗೆ ಅದು ಲೆಕ್ಕಕ್ಕೆ ಬಾರದಿರಬಹುದು. ಒಕ್ಕಲಿನ ಮನೆಗೆ ಅದು ಮಳೆಗಾಲದ ಹಲವು ದಿನಗಳ ಊಟ. ಆದುದರಿಂದ ಲೆಕ್ಕದ ನಡುವಿನ ಹಂತಗಳಲ್ಲಿ ಒಂದೆರಡು ಅಂಕಿಗಳನ್ನು ಹೆಚ್ಚಾಗಿಯೇ ಉಳಿಸಿಕೊಂಡು ಅಂತಿಮ ಫಲಿತವನ್ನು ಮಾತ್ರ ಸವರಬೇಕೆಂಬುದು ನಿಯಮ.

5. ಸೆಂಟ್ಸು ಮತ್ತು ಗುಂಟೆ

ಭೂದಾಖಲೆಗಳ ಸಂದರ್ಭದಲ್ಲಿ ಇನ್ನೊಂದು ಬಗೆಯ ತೊಡಕು ಎದುರಾಗುತ್ತದೆ. 1956ರವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಎಕರೆಯನ್ನು ನೂರು ಸೆಂಟ್ಸುಗಳಾಗಿ ವಿಭಾಗಿಸುವ ಪದ್ಧತಿ ಇತ್ತು; ಇಂದಿನ ಉಡುಪಿ ಜಿಲ್ಲೆಯಲ್ಲಿಯೂ ಅದೇ ರೂಢಿಯಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ ಎಕರೆಗೆ ನಲವತ್ತು ಗುಂಟೆ. ಯಡ್ತರೆಯ ದಾಖಲೆಯೊಂದರಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಸೆಂಟ್ಸು ಎಂದರ್ಥ. ಘಟ್ಟದ ಮೇಲಿನ ಓದುಗ ಅದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಗ್ರಹಿಸಿದರೆ ಎರಡೂವರೆ ಎಕರೆಯಾಗುತ್ತದೆ. ಇಲ್ಲಿ ಕೊನೆಯ ಸೊನ್ನೆಯೂ ಸಾರ್ಥಕ. 2.20ನ್ನು 2.2 ಎಂದು ಬರೆದರೆ ಸೆಂಟ್ಸಿನವರೆಗೆ ಅಳೆದದ್ದು ಎಂಬ ಮಾಹಿತಿ ಅಳಿದುಹೋಗುತ್ತದೆ. ಒಂದು ಸೆಂಟ್ಸು ಎಂದರೆ 435.6 ಚದರಡಿ, ಚಿಕ್ಕದೊಂದು ಮನೆಯ ತಳಪಾಯಕ್ಕೆ ಸಾಕಾಗುವಷ್ಟು ನೆಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಭೂಮಿಯ ಒಡೆತನಕ್ಕೆ ಅರ್ಜಿ ಸಲ್ಲಿಸಿದಾಗ ಬಾಯಿಮಾತಿನ ಬೀಜವರಿಯು ದಾಖಲೆಯ ಸೆಂಟ್ಸಾಗಿ ರೂಪಾಂತರಗೊಳ್ಳಬೇಕಾಯಿತು. ಕರಾವಳಿಯ ಗೇಣಿ ಪದ್ಧತಿಯನ್ನು ಕುರಿತ ಕಾದಂಬರಿ, ಆತ್ಮಕಥನಗಳನ್ನು ಅಭ್ಯಸಿಸುವವರು ಈ ರೂಪಾಂತರವನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯಕ.

ಬಾಯಿಮಾತಿನ 'ಎರಡು ಎಕರೆ' ಎಂಬುದಾದರೋ ಬೇರೆಯೇ ಸ್ವರೂಪದ್ದು. ಅದನ್ನು 0.809 ಹೆಕ್ಟೇರು ಎಂದು ಪರಿವರ್ತಿಸುವುದು ವಕ್ತೃ ಹೇಳದ ಮಾತನ್ನು ಅವನ ಬಾಯಲ್ಲಿ ಇಟ್ಟಂತೆ; 0.8 ಹೆಕ್ಟೇರು ಎಂದರೆ ಸಾಕು.

6. ಕನ್ನಡ ನುಡಿಯಲ್ಲಿ ಅಂದಾಜಿನ ಅಭಿವ್ಯಕ್ತಿ

ಅಂಕಿಯಲ್ಲಿ ಬರೆದಾಗ ಕಾಣೆಯಾಗುವ ಅನಿಶ್ಚಯವನ್ನು ಆಡುನುಡಿ ಸಹಜವಾಗಿ ಉಳಿಸಿಕೊಂಡಿರುತ್ತದೆ. 'ಸುಮಾರು', 'ಅಂದಾಜು', 'ಅಜಮಾಸು' ಎಂಬ ಪದಗಳು ಸಂಖ್ಯೆಯ ಸುತ್ತ ಒಂದು ಸಡಿಲವಾದ ವಲಯವನ್ನು ನಿರ್ಮಿಸುತ್ತವೆ. 'ನಾಲ್ಕೈದು', 'ಹತ್ತು ಹದಿನೈದು', 'ಹತ್ತಿಪ್ಪತ್ತು' ಎಂಬ ಜೋಡಿಗಳು ಆ ವಲಯದ ಎರಡೂ ಅಂಚುಗಳನ್ನು ಹೇಳುತ್ತವೆ. 'ಹತ್ತಾರು', 'ನೂರಾರು', 'ಸಾವಿರಾರು' ಎಂಬಲ್ಲಿ ಸ್ಥಾನಬೆಲೆ ಮಾತ್ರ ನಿಶ್ಚಿತ. ವೈಜ್ಞಾನಿಕ ಬರವಣಿಗೆಯಲ್ಲಿ ಸಾರ್ಥಕ ಅಂಕಿ, ದೋಷವ್ಯಾಪ್ತಿ, ಪರಿಮಾಣದ ಮಟ್ಟ ಎಂದು ಕರೆಯಲಾಗುವ ಮೂರು ಬಗೆಯ ಸೂಚನೆಗಳನ್ನು ಕನ್ನಡ ಸಮಾಸರಚನೆಯೇ ಒದಗಿಸುತ್ತದೆ ಎಂಬುದು ಗಮನಾರ್ಹ.

ಕ್ಷೇತ್ರಕಾರ್ಯದಲ್ಲಿ ತಪ್ಪು ಸಂಭವಿಸುವುದು ಈ ನುಡಿಯನ್ನು ಕೋಷ್ಟಕಕ್ಕೆ ಇಳಿಸುವಾಗ. 'ಹತ್ತಿಪ್ಪತ್ತು ಮನೆ ಇದ್ದವು' ಎಂಬ ಮಾತು ಕೋಷ್ಟಕದಲ್ಲಿ '15' ಆಗುತ್ತದೆ. 'ಎಂಬತ್ತರ ಆಸುಪಾಸು' ಎಂದ ವೃದ್ಧೆಯ ವಯಸ್ಸು '80' ಆಗಿ, ಮುಂದಿನ ಅಧ್ಯಯನದಲ್ಲಿ ಅದನ್ನು ಕಳೆದು ಜನ್ಮವರ್ಷವನ್ನೇ ನಿಗದಿಗೊಳಿಸಲಾಗುತ್ತದೆ. ವಕ್ತೃವಿನ ಮಾತನ್ನು ಹಾಗೆಯೇ ದಾಖಲಿಸಿ ಪಕ್ಕದಲ್ಲಿ '10–20' ಎಂದು ವ್ಯಾಪ್ತಿಯನ್ನು ಬರೆದರೆ ಈ ದೋಷ ನಿವಾರಣೆಯಾಗುತ್ತದೆ.

ಉಪಭಾಷಾ ಸಮೀಕ್ಷೆಯ ಶೇಕಡಾವಾರು ಲೆಕ್ಕಗಳಿಗೂ ಈ ಮಾತು ಅನ್ವಯಿಸುತ್ತದೆ. ಕುಂದಾಪುರ ಕನ್ನಡದ ಒಂದು ರೂಪವನ್ನು 23 ವಕ್ತೃಗಳಲ್ಲಿ 14 ಮಂದಿ ಬಳಸಿದರೆ ಶೇಕಡಾ 60.87 ಎಂದು ಬರೆಯುವುದುಂಟು. ಇಲ್ಲಿ ಎಣಿಕೆ ನಿಷ್ಕೃಷ್ಟವಾದುದು; 23 ಮತ್ತು 14 ಎಂಬವುಗಳಲ್ಲಿ ಸಂದೇಹವಿಲ್ಲ. ಆದರೆ ಒಬ್ಬ ವಕ್ತೃ ಬದಲಾದರೆ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಹಾಗಿರುವಾಗ ಆ ಊರಿನ ನುಡಿಯ ಬಗ್ಗೆ ಶೇಕಡಾದ ನೂರನೆಯ ಒಂದು ಭಾಗದವರೆಗೆ ಹೇಳುವುದು ನಿರರ್ಥಕ. '23 ಮಂದಿಯಲ್ಲಿ 14 ಮಂದಿ' ಎಂದರೆ ಓದುಗನಿಗೆ ಎಲ್ಲವೂ ತಿಳಿಯುತ್ತದೆ.

7. ಶಾಸನ, ಹಸ್ತಪ್ರತಿ ಮತ್ತು ಕಾಲನಿರ್ಣಯ

ಶಾಸನಗಳಲ್ಲಿ ಮತ್ತರು, ಕಂಬ ಮೊದಲಾದ ಭೂಮಾನಗಳು ಬರುತ್ತವೆ. ಬಳ್ಳಿಗಾವೆಯ ಪರಿಸರದಲ್ಲಿ ಕಾಣುವ 'ಭೇರುಂಡ ಗಳೆ'ಯಂತೆ ಯಾವ ಕೋಲಿನಿಂದ ಅಳೆಯಲಾಯಿತೆಂಬುದನ್ನೂ ಹಲವು ಶಾಸನಗಳು ಹೇಳುತ್ತವೆ. ಶಾಸನಕಾರರಿಗೆ ಅಳತೆಗಿಂತ ಅಳತೆಗೋಲು ಮುಖ್ಯವೆಂಬ ಅರಿವಿತ್ತು. ಕೋಲಿನ ಉದ್ದ ತಿಳಿಯದೆ ಮತ್ತರನ್ನು ಎಕರೆಗೆ ಪರಿವರ್ತಿಸಿ ದಶಮಾಂಶ ಬರೆಯುವುದು ಆ ಅರಿವನ್ನು ಅಲಕ್ಷಿಸಿದಂತೆ.

ಹಸ್ತಪ್ರತಿ ಸೂಚಿಗಳಲ್ಲಿ 17 ಅಂಗುಲ ಎಂದಿರುವ ಗರಿಯ ಉದ್ದವನ್ನು 43.18 ಸೆಂ.ಮೀ. ಎಂದು ಪರಿವರ್ತಿಸುವುದು ವಾಡಿಕೆ. 17 ಎಂಬುದು 16.5 ಮತ್ತು 17.5ರ ನಡುವಿನ ಯಾವುದೇ ಅಳತೆಯಾಗಿರಬಹುದಾದ ಕಾರಣ 43 ಸೆಂ.ಮೀ. ಎಂಬುದೇ ಯುಕ್ತ. ಗುಣಾಕಾರದಲ್ಲಿ ಅತ್ಯಂತ ಕಡಿಮೆ ಸಾರ್ಥಕ ಅಂಕಿಗಳಿರುವ ಅಳತೆಯೇ ಫಲಿತದ ಅಂಕಿಗಳನ್ನು ನಿರ್ಧರಿಸುತ್ತದೆ: 1.42 ಮೀ. ಎತ್ತರದ, ಅಂಚು ಸವೆದು 0.6 ಮೀ. ಎಂದಷ್ಟೇ ಹೇಳಬಹುದಾದ ಅಗಲದ ಕಲ್ಲಿನ ವಿಸ್ತೀರ್ಣ 0.852 ಅಲ್ಲ, 0.9 ಚದರ ಮೀಟರು. ಸಂಕಲನದಲ್ಲಿಯಾದರೆ ದಶಮಾಂಶ ಸ್ಥಾನಗಳನ್ನು ಗಮನಿಸಬೇಕು: 1.42 ಮೀ. ಕಲ್ಲು 0.3 ಮೀ. ಪೀಠದ ಮೇಲಿದ್ದರೆ ಒಟ್ಟು ಎತ್ತರ 1.7 ಮೀ.

ಸಾಹಿತ್ಯ ಚರಿತ್ರೆಯ ಕಾಲಸೂಚನೆಗಳಲ್ಲಿ ಈ ವಿವೇಕಕ್ಕೆ ಹೆಚ್ಚಿನ ಮಹತ್ವವಿದೆ. ಹಲ್ಮಿಡಿ ಶಾಸನಕ್ಕೆ 'ಸು. 450' ಎನ್ನುವಾಗಿನ 'ಸು.' ಎಂಬ ಅಕ್ಷರವು ಸಂಖ್ಯೆಯ ಅವಿಭಾಜ್ಯ ಅಂಗ. ಪಠ್ಯಪುಸ್ತಕಗಳಲ್ಲಿಯೂ ಪರೀಕ್ಷೆಯ ಪ್ರಶ್ನೆಗಳಲ್ಲಿಯೂ ಅದು ಬಿಟ್ಟುಹೋದಾಗ ಒಂದು ಊಹೆ ಸತ್ಯಾಂಶದ ವೇಷ ತೊಡುತ್ತದೆ. ಇದಕ್ಕೆ ಪ್ರತಿಯಾಗಿ, ಕವಿಯೊಬ್ಬನ ಕಾಲವನ್ನು 'ಸು. 1187' ಎಂದು ಬರೆದರೆ ಅದು ಆಂತರಿಕ ವಿರೋಧವುಳ್ಳ ಹೇಳಿಕೆ; ಏಕಮಾನದ ಸ್ಥಾನದವರೆಗೆ ತಿಳಿದಿದ್ದರೆ 'ಸು.' ಬೇಡ, ತಿಳಿಯದಿದ್ದರೆ 7 ಬೇಡ. ಪಂಪನ ಆದಿಪುರಾಣದ ಶಕ ವರ್ಷ 863ಕ್ಕೆ 78ನ್ನು ಕೂಡಿಸಿ 941 ಎನ್ನುವುದು ರೂಢಿ. ಶಕ ವರ್ಷ ಚೈತ್ರದಿಂದ ಆರಂಭವಾಗುವುದರಿಂದ ಮಾಸ, ತಿಥಿಗಳ ಆಧಾರವಿಲ್ಲದಿದ್ದಾಗ 941–42 ಎಂದು ಬರೆಯುವುದೇ ಶಾಸ್ತ್ರಸಮ್ಮತ.

8. ಉಪಗ್ರಹ ಆಧಾರಿತ ಸ್ಥಳಸೂಚನೆ

ಇಂದು ಶಾಸನ, ವೀರಗಲ್ಲು, ಭೂತಸ್ಥಾನಗಳ ನೆಲೆಯನ್ನು ಮೊಬೈಲ್ ಫೋನಿನ ನೆರವಿನಿಂದ ಅಕ್ಷಾಂಶ ರೇಖಾಂಶಗಳಲ್ಲಿ ದಾಖಲಿಸುವುದು ಸಾಮಾನ್ಯವಾಗಿದೆ. ಫೋನು ಏಳು ದಶಮಾಂಶ ಸ್ಥಾನಗಳನ್ನು ತೋರಿಸಬಹುದು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರು. ಯಡ್ತರೆ, ಬೈಂದೂರುಗಳ ನೆಲೆಯನ್ನು 13.9 ಡಿಗ್ರಿ ಉತ್ತರ, 74.6 ಡಿಗ್ರಿ ಪೂರ್ವ ಎಂದರೆ ಹತ್ತಾರು ಕಿಲೋಮೀಟರಿನ ಪ್ರದೇಶವನ್ನು ತೋರಿಸಿದಂತಾಯಿತು. ಎರಡನೆಯ ದಶಮಾಂಶ ಸ್ಥಾನ ಒಂದು ಕಿಲೋಮೀಟರಿಗೂ, ನಾಲ್ಕನೆಯದು ಸುಮಾರು ಹನ್ನೊಂದು ಮೀಟರಿಗೂ, ಐದನೆಯದು ಒಂದು ಮೀಟರಿಗೂ ಇಳಿಯುತ್ತದೆ. ಏಳನೆಯ ಸ್ಥಾನ ಎಂದರೆ ಒಂದು ಸೆಂಟಿಮೀಟರು. ತೆರೆದ ಬಯಲಿನಲ್ಲಿಯೂ ಸಾಮಾನ್ಯ ಫೋನಿನ ನಿಖರತೆ ಐದು ಮೀಟರಿನಷ್ಟು. ತೆಂಗು, ಅಡಿಕೆ ತೋಟಗಳ ನೆರಳಿನಲ್ಲಿ ಅದು ಇನ್ನೂ ತಗ್ಗುತ್ತದೆ. ಆದುದರಿಂದ ನಾಲ್ಕು, ಹೆಚ್ಚೆಂದರೆ ಐದು ಸ್ಥಾನಗಳು ಸಾಕು. ಹೀಗೆ ದಾಖಲಿಸಿದರೆ ಮುಂದೆ ಬರುವ ಸಂಶೋಧಕ ಎಷ್ಟು ಜಾಗದಲ್ಲಿ ಕಲ್ಲನ್ನು ಹುಡುಕಬೇಕೆಂಬುದೂ ಅವನಿಗೆ ತಿಳಿಯುತ್ತದೆ.

9. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳನ್ನು ಸಂಗ್ರಹಿಸಬಹುದು. ಅಳತೆಯೊಂದಿಗೆ ಅಳೆದ ಸಾಧನವನ್ನೂ ವಿಧಾನವನ್ನೂ ಹೇಳಬೇಕು. ಮೂಲದ ಮಾನಪದವನ್ನು ಮೊದಲು ಕೊಟ್ಟು ಪರಿವರ್ತಿತ ಬೆಲೆಯನ್ನು ಅನಂತರ ಕೊಡಬೇಕು. ಪರಿವರ್ತನೆಯಿಂದ ಮೂಲದಲ್ಲಿ ಇಲ್ಲದ ಸೂಕ್ಷ್ಮತೆ ಹುಟ್ಟುವುದಿಲ್ಲ. ಲೆಕ್ಕದ ನಡುವೆ ಅಂಕಿಗಳನ್ನು ಉಳಿಸಿ ಕೊನೆಯಲ್ಲಿ ಸವರಬೇಕು. ಎಣಿಕೆಯನ್ನೂ ಅಳತೆಯನ್ನೂ ಬೇರ್ಪಡಿಸಬೇಕು. 'ಸುಮಾರು' ಎಂಬ ಪದವನ್ನು ಉದ್ಧರಣೆಯಲ್ಲಿ ಕೈಬಿಡಬಾರದು.

ಒಂದು ಪ್ರಬಂಧದಲ್ಲಿ ಅಜಾಗ್ರತೆಯಿಂದ ಬರೆದ ದಶಮಾಂಶವು ಮುಂದಿನ ಪ್ರಬಂಧದಲ್ಲಿ ಆಕರವಾಗುತ್ತದೆ. ಅದರ ಮುಂದಿನದರಲ್ಲಿ ಪ್ರಮಾಣವಾಗುತ್ತದೆ. ಹೀಗೆ ಪೀಳಿಗೆಯಿಂದ ಪೀಳಿಗೆಗೆ ಸಾಗುವ ಹುಸಿ ಅಂಕಿಗಳಿಂದ ಗೇಣಿದಾರನ ಹೊರೆ, ದತ್ತಿಭೂಮಿಯ ವಿಸ್ತಾರ, ಕವಿಯ ಕಾಲ ಎಲ್ಲವೂ ಬೇರೆಯಾಗಿ ಕಾಣತೊಡಗುತ್ತವೆ. ಮುಡಿ ಕಟ್ಟುವ ಕೈಗಳು ವಿರಳವಾಗುತ್ತಿರುವ ಇಂದು ಯಡ್ತರೆಯಂತಹ ಊರುಗಳಲ್ಲಿ ಉಳಿದಿರುವ ಕಳಸಿಗೆ, ಸೇರು, ಹಾನೆಗಳನ್ನು ಮನೆಮನೆಗೆ ಹೋಗಿ ನೀರು ತುಂಬಿ ಅಳೆದು, ಎಷ್ಟು ಪಾತ್ರೆಗಳನ್ನು ಅಳೆಯಲಾಯಿತು, ಅವುಗಳಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದನ್ನು ಸಾರ್ಥಕ ಅಂಕಿಗಳಲ್ಲಿ ದಾಖಲಿಸುವ ಕಾರ್ಯ ಕನ್ನಡ ವಿಭಾಗಗಳಿಂದ ನಡೆಯಬೇಕಾಗಿದೆ. ಅಂತಹ ದಾಖಲೆ ದೊರೆತಾಗ 15 ಮುಡಿ ಗೇಣಿಯ ಭಾರವೆಷ್ಟೆಂಬುದನ್ನು ಇಂದಿಗಿಂತ ಒಂದಂಕಿಯಷ್ಟಾದರೂ ಹೆಚ್ಚು ಖಚಿತವಾಗಿ ಹೇಳಲು ಸಾಧ್ಯವಾಗುತ್ತದೆ.